ತಾಂದಿಯ ಫಲಕ, ಡ್ಯಾಶ್‌ಬೋರ್ಡಿನ ಮುಳ್ಳು

ಮನಾಲಿಯಿಂದ ಲೇಹ್‌ಗೆ ಹೊರಟ ವಾಹನಗಳು ತಾಂದಿಯಲ್ಲಿ ನಿಲ್ಲದೆ ಮುಂದೆ ಹೋಗುವುದು ಅಪರೂಪ. ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯ ಪುಟ್ಟ ಊರು ಅದು. ಚಂದ್ರಾ ಮತ್ತು ಭಾಗಾ ನದಿಗಳು ಅಲ್ಲಿ ಕೂಡಿ ಚಂದ್ರಭಾಗಾ ಎನಿಸಿಕೊಳ್ಳುತ್ತವೆ. ಮುಂದೆ ಅದೇ ಚಿನಾಬ್. ಆದರೆ ಪ್ರವಾಸಿಗರು ಕ್ಯಾಮೆರಾ ಹೊರತೆಗೆಯುವುದು ಸಂಗಮಕ್ಕಿಂತ ಹೆಚ್ಚಾಗಿ ಪೆಟ್ರೋಲ್ ಬಂಕಿನ ಫಲಕದೆದುರು. ಮುಂದಿನ ಬಂಕ್ 365 ಕಿ.ಮೀ. ದೂರದಲ್ಲಿದೆ ಎಂದು ವರ್ಷಾನುಗಟ್ಟಲೆ ಎಚ್ಚರಿಸುತ್ತ ಬಂದ ಫಲಕ ಅದು. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ತಾಂದಿಗೆ ಬರುವುದು ಸಲೀಸಾಗಿದೆ. ನಿಜವಾದ ಪರೀಕ್ಷೆ ಶುರುವಾಗುವುದು ಅಲ್ಲಿಂದಾಚೆಗೆ.

ಬೆಂಗಳೂರಿನ ರಸ್ತೆಯಲ್ಲಿ ಪೆಟ್ರೋಲ್ ಮುಗಿದರೆ ಒಂದಷ್ಟು ದೂರ ತಳ್ಳಬೇಕಾದೀತು, ಹಿಂದಿನವರ ಹಾರನ್ ಕೇಳಬೇಕಾದೀತು, ಅಷ್ಟೆ. ತಾಂದಿಯಾಚೆ ಮುಗಿದರೆ 4,500 ಮೀಟರ್ ಎತ್ತರದಲ್ಲಿ, ಉಸಿರಾಡಲೂ ಕಷ್ಟವಾಗುವ ಗಾಳಿಯಲ್ಲಿ, ರಾತ್ರಿ ಕಳೆಯಬೇಕಾಗಬಹುದು. ಜೊತೆಯಲ್ಲಿ ಮಕ್ಕಳಿದ್ದರಂತೂ ಹೇಳುವುದೇ ಬೇಡ. ಹಾಗಾಗಿ ಊರಿನಲ್ಲಿ ಯಾರೂ ಗಮನಿಸದ ಇಂಧನ ಸೂಚಕದ ಆ ಪುಟ್ಟ ಮುಳ್ಳಿನ ಮೇಲೆ ಇಲ್ಲಿ ಎಲ್ಲರ ಕಣ್ಣು.

ಆ ಮುಳ್ಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಮನೆಯ ನೀರಿನ ತೊಟ್ಟಿ ತುಂಬಿದೊಡನೆ ನಲ್ಲಿಯನ್ನು ಮುಚ್ಚುವ ತೇಲುಗುಂಡನ್ನು ವಿದ್ಯಾರ್ಥಿಗಳು ನೋಡಿರುತ್ತಾರೆ. ಕಾರಿನ ಟ್ಯಾಂಕಿನೊಳಗೂ ಅಂಥದೇ ಒಂದು ತೇಲು ಇರುತ್ತದೆ. ಪೆಟ್ರೋಲಿನೊಂದಿಗೆ ಅದು ಏರಿಳಿದಂತೆ ಅದರ ಕಡ್ಡಿಯ ತುದಿ ವಿದ್ಯುತ್ ರೋಧಕದ ಪಟ್ಟಿಯ ಮೇಲೆ ಸರಿಯುತ್ತದೆ. ವಿದ್ಯುತ್ತು ಹೆಚ್ಚು ಕಡಿಮೆಯಾಗುತ್ತದೆ. ಹಳೆಯ ಕಾರುಗಳಲ್ಲಿ ಈ ವಿದ್ಯುತ್ತು ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದನ್ನು ಬಿಸಿ ಮಾಡಿ ಬಾಗಿಸುತ್ತಿತ್ತು, ಬಾಗಿದ ಪಟ್ಟಿ ಮುಳ್ಳನ್ನು ತಳ್ಳುತ್ತಿತ್ತು. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ದ್ವಿಲೋಹ ಪಟ್ಟಿಯನ್ನು ಕಾಯಿಸಿ ತೋರಿಸುತ್ತಾರಲ್ಲ, ಅದೇ. ಹೊಸ ಕಾರುಗಳಲ್ಲಿ ತೇಲಿನಿಂದ ಬರುವ ಸಂಕೇತಗಳನ್ನು ಪುಟ್ಟ ಗಣಕವೊಂದು ಸರಾಸರಿ ಮಾಡಿ ತೋರಿಸುತ್ತದೆ. ಯಾವುದಾದರೂ ಸರಿ, ಮೂಲದಲ್ಲಿ ಅಳತೆಯಾಗುವುದು ಲೀಟರ್ ಅಲ್ಲ. ಟ್ಯಾಂಕಿನ ಒಂದು ಜಾಗದಲ್ಲಿ ಪೆಟ್ರೋಲ್ ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದು ಮಾತ್ರ.

ಟ್ಯಾಂಕ್ ಚೌಕಾಕಾರದ ಡಬ್ಬಿಯಾಗಿದ್ದರೆ ಎರಡೂ ಒಂದೇ ಆಗುತ್ತಿತ್ತು. ಆದರೆ ಹಿಂದಿನ ಸೀಟಿನ ಕೆಳಗೆ, ಹೊಗೆ ಕೊಳವೆಗೂ ಚಕ್ರದ ಭಾಗಗಳಿಗೂ ಜಾಗ ಬಿಟ್ಟುಕೊಟ್ಟು ಕೂರಬೇಕಾದ ಟ್ಯಾಂಕಿಗೆ ಅಡ್ಡಾದಿಡ್ಡಿ ಆಕಾರ. ಅರ್ಧ ಎತ್ತರವೆಂದರೆ ಅರ್ಧ ಪೆಟ್ರೋಲ್ ಎಂದಾಗಲಿಲ್ಲ. ಜೊತೆಗೆ, ಕಂಠಪೂರ್ತಿ ತುಂಬಿಸಿದಾಗ ತೇಲು ತನ್ನ ಮೇಲಿನ ಮಿತಿಯನ್ನು ಮುಟ್ಟಿ ಅಲ್ಲೇ ನಿಂತುಬಿಡುತ್ತದೆ. ಮಟ್ಟ ತುಸು ಇಳಿಯುವವರೆಗೂ ಅದು ಕದಲುವುದಿಲ್ಲ. ತಾಂದಿ ಬಿಟ್ಟವರು ಕೇಲಾಂಗ್, ಜಿಸ್ಪಾ ದಾಟಿದರೂ ಮುಳ್ಳು ತುಂಬಿದ ಗೆರೆಯಲ್ಲೇ ಇರುವುದನ್ನು ಕಂಡು 'ಗಾಡಿ ಪೆಟ್ರೋಲೇ ಕುಡಿಯುತ್ತಿಲ್ಲ' ಎಂದು ಹಿಗ್ಗುವುದು ಇದರಿಂದಲೇ.

ದಾರ್ಚಾ ಕಳೆದ ಮೇಲೆ ಹಿಗ್ಗು ಇಳಿಯುತ್ತದೆ. ಭಾಗಾ ನದಿಯ ಜೊತೆಜೊತೆಗೇ ರಸ್ತೆ ಏರುತ್ತ, ನದಿಯ ಹುಟ್ಟೂರಾದ ಸೂರಜ್ ತಾಲ್ ಸರೋವರವನ್ನು ತೋರಿಸಿ, ಸುಮಾರು 4,890 ಮೀಟರಿನ ಬಾರಾಲಾಚಾ ಕಣಿವೆಬಾಗಿಲಿಗೆ ತಲುಪಿಸುತ್ತದೆ. ನೀರಿನ ಬಣ್ಣವನ್ನು ನೋಡುತ್ತ ಕೂರಬೇಕೆನಿಸುವ ಜಾಗ ಅದು. ಚಾಲಕನ ಕಣ್ಣು ಮಾತ್ರ ಮುಳ್ಳಿನ ಮೇಲೆ. ಏರಿನಲ್ಲಿ ಟ್ಯಾಂಕ್ ಓರೆಯಾಗಿ ಪೆಟ್ರೋಲ್ ಹಿಂಬದಿಗೆ ಸರಿಯುತ್ತದೆ. ತೇಲು ಹಿಂಬದಿಯಲ್ಲಿದ್ದರೆ ಮುಳ್ಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಮುಂಬದಿಯಲ್ಲಿದ್ದರೆ ಕಡಿಮೆ. ಇಳಿಜಾರಿನಲ್ಲಿ ಇದು ತಿರುಗುಮುರುಗು. ಮುಂದೆ 21 ಹೇರ್‌ಪಿನ್ ತಿರುವುಗಳ ಗಾಟಾ ಲೂಪ್ಸ್‌ನಲ್ಲಿ ಪೆಟ್ರೋಲ್ ಅತ್ತಿತ್ತ ತುಳುಕುತ್ತದೆ. ಮುಳ್ಳಿನ ಮಾತಿಗೆ ಅಲ್ಲಿ ಬೆಲೆ ಅಷ್ಟಕ್ಕಷ್ಟೆ.

ಸರ್ಚುವಿನ ಗುಡಾರಗಳಲ್ಲಿ ರಾತ್ರಿ ಕಳೆದವರಿಗೆ ಇನ್ನೊಂದು ಪಾಠ. ಪೆಟ್ರೋಲ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸಾವಿರದಲ್ಲಿ ಸುಮಾರು ಒಂದು ಪಾಲು ಹಿಗ್ಗುತ್ತದೆ, ಕುಗ್ಗುತ್ತದೆ. ಮಧ್ಯಾಹ್ನ 20 ಲೀಟರ್ ಇದ್ದದ್ದು 25 ಡಿಗ್ರಿ ತಣಿದರೆ ಅರ್ಧ ಲೀಟರ್ ಕಡಿಮೆಯಾದಂತೆ ಕಾಣುತ್ತದೆ. ರಾತ್ರಿ ಯಾರೋ ಕದ್ದರೆಂದು ಪಕ್ಕದ ಗಾಡಿಯವರನ್ನು ಅನುಮಾನಿಸುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು. ತೂಕ ಕಡಿಮೆಯಾಗಿಲ್ಲ, ಉರಿದು ಕೊಡುವ ಶಕ್ತಿಯೂ ಅಷ್ಟೇ ಇದೆ.

ಹಾಗಾದರೆ ಲೆಕ್ಕ ಹೇಗೆ? ಇಂಥ ದಾರಿಗೆ ಹಳೆಯ ವಿಧಾನವೇ ಗಟ್ಟಿ: ಟ್ಯಾಂಕ್ ತುಂಬಿಸಿ, ಮೀಟರನ್ನು ಸೊನ್ನೆಗೆ ತಂದು, ಓಡಿದ ಕಿಲೋಮೀಟರನ್ನು ಎಣಿಸುವುದು. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ ಡೀಸೆಲ್ ಟ್ಯಾಂಕಿಗೆ ಕೋಲು ಇಳಿಬಿಟ್ಟು ನೋಡುವ ಲಾರಿ ಚಾಲಕರೂ ಇದ್ದಾರೆ. ಒಂದು ಉದಾಹರಣೆ ನೋಡಬಹುದು. 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರ ಟ್ಯಾಂಕ್ ಹಿಡಿಯುತ್ತಿದ್ದುದು 28 ಲೀಟರ್. ಏರು, ಸಣ್ಣ ಗೇರು, ತುಂಬಿದ ಸೀಟುಗಳು ಎಲ್ಲ ಸೇರಿ ಲೀಟರಿಗೆ 13 ಕಿ.ಮೀ. ಸಿಕ್ಕಿತೆನ್ನಿ: ಒಟ್ಟು 364 ಕಿ.ಮೀ. ಫಲಕ ಹೇಳುವ ದೂರಕ್ಕೆ ಒಂದೇ ಒಂದು ಕಿಲೋಮೀಟರ್ ಕಡಿಮೆ! ಅದೇ ಕಾರು ಬಯಲು ಸೀಮೆಯಲ್ಲಿ 18 ಕೊಟ್ಟರೆ 504 ಕಿ.ಮೀ. ಮುಳ್ಳು ಎರಡು ಕಡೆಯೂ ಒಂದೇ ಜಾಗದಲ್ಲಿರುತ್ತದೆ. ಉಳಿದ ದಾರಿ ಮಾತ್ರ ಬೇರೆ. ಕಾರ್ಬುರೇಟರಿನ ಹಳೆಯ ಗಾಡಿಗಳಿಗೆ ಎತ್ತರದ ತೆಳುಗಾಳಿಯಲ್ಲಿ ಖರ್ಚು ಇನ್ನೂ ಜಾಸ್ತಿ. ಗಾಳಿ ಕಡಿಮೆಯಾದರೂ ಅದಕ್ಕೆ ತಕ್ಕಂತೆ ಪೆಟ್ರೋಲನ್ನು ತಗ್ಗಿಸುವುದು ಅವಕ್ಕೆ ತಿಳಿಯದು.

ಪಾಂಗ್ ದಾಟಿದ ಮೇಲೆ ರಸ್ತೆ ಒಮ್ಮೆಲೇ ಮೋರೆ ಬಯಲಿಗೆ ಬಂದು ಬೀಳುತ್ತದೆ. ಸುತ್ತ ಬೋಳು ಬೆಟ್ಟ, ನಡುವೆ ಸುಮಾರು 40 ಕಿ.ಮೀ. ಮೇಜಿನಂಥ ನೆಲ. ಟ್ಯಾಂಕೂ ಸಮ, ಪೆಟ್ರೋಲೂ ಸಮ. ಈ ದಾರಿಯಲ್ಲಿ ಮುಳ್ಳು ಸತ್ಯಕ್ಕೆ ಹತ್ತಿರವಾಗುವ ಜಾಗವಿದ್ದರೆ ಇದೇ. ತೊಂದರೆಯೆಂದರೆ ಅಷ್ಟು ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ದಾರಿ ಕಳೆದಿರುತ್ತದೆ. ಹಿಂದಕ್ಕೆ ತಿರುಗಿ ಫಲವಿಲ್ಲ.

ಬಯಲಿನ ಕೊನೆಗೆ 5,328 ಮೀಟರಿನ ತಂಗ್‌ಲಂಗ್ ಲಾ. ಅದನ್ನು ದಾಟಿದರೆ ಉಪ್ಶಿಯವರೆಗೆ ಇಳಿಜಾರು. ಇನ್ನು ಇಷ್ಟು ಕಿ.ಮೀ. ಓಡಬಹುದು ಎಂದು ಅಂಕಿ ತೋರಿಸುವ ಹೊಸ ಕಾರುಗಳು ಇಲ್ಲಿ ವಿಚಿತ್ರವಾಗಿ ವರ್ತಿಸುತ್ತವೆ: ಕಾರು ಮುಂದೆ ಹೋದಂತೆ ಆ ಅಂಕಿ ಏರಬಹುದು! ಅದು ಈಚಿನ ಓಟದ ಸರಾಸರಿಯಿಂದ ಮಾಡಿದ ಊಹೆ. ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಈಗಿನ ಎಂಜಿನ್ನುಗಳು ಪೆಟ್ರೋಲ್ ಹರಿವನ್ನೇ ತಡೆದುಬಿಡುತ್ತವೆ. ಹಾಗಿದ್ದೂ ಉಳಿತಾಯದ ಆಸೆಗೆ ಎಂಜಿನ್ ಆರಿಸಿ ಇಳಿಯುವವರಿದ್ದಾರೆ. ಆಗ ಬ್ರೇಕಿಗೆ ಎಂಜಿನ್ನಿನ ನೆರವು ತಪ್ಪುತ್ತದೆ, ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲು ಕಲ್ಲಿನಂತಾಗುತ್ತದೆ. ಅರ್ಧ ಲೀಟರಿಗಾಗಿ ಯಾವ ಅಪ್ಪನೂ ಮಾಡಬಾರದ ಕೆಲಸ.

ಮುಳ್ಳು ಖಾಲಿ ಎಂಬ ಗೆರೆ ಮುಟ್ಟಿದರೂ ಸಾಮಾನ್ಯವಾಗಿ ಒಂದಷ್ಟು ಲೀಟರ್ ಉಳಿದಿರುತ್ತದೆ. ತಯಾರಕರೇ ಬೇಕೆಂದು ಹಾಗೆ ಹೊಂದಿಸಿರುತ್ತಾರೆ. ಹಿಂದೆ ಮೋಟಾರ್‌ಸೈಕಲ್, ಸ್ಕೂಟರುಗಳಲ್ಲಿದ್ದ ರಿಸರ್ವ್ ಕೀಲಿಯ ಹಾಗೆ. ಅದೂ ಮುಗಿದರೆ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ ಕೊನೆಯ ಹನಿ ಇಳಿಸಿಕೊಳ್ಳುತ್ತಿದ್ದುದನ್ನು ತಂದೆತಾಯಂದಿರು ಮರೆತಿರಲಾರರು. ಕಾರನ್ನು ಹಾಗೆ ವಾಲಿಸಲಾಗದು. ಟ್ಯಾಂಕಿನೊಳಗಿನ ಪಂಪು ತಂಪಾಗಿರುವುದೂ ಪೆಟ್ರೋಲಿನಿಂದಲೇ. ಪದೇ ಪದೇ ಬರಿದಾಗಿಸಿದರೆ ಅದು ಕೆಡುತ್ತದೆ.

ಸ್ವಾರಸ್ಯವೆಂದರೆ ತಾಂದಿಯ ಫಲಕವೂ ಇಂಥದೇ ರಿಸರ್ವ್ ಒಂದನ್ನು ಬಚ್ಚಿಟ್ಟುಕೊಂಡಿದೆ. ಅದು ಹೇಳುವುದು ಲೇಹ್‌ನ ದೂರ. ಅದಕ್ಕೂ ಸುಮಾರು 35 ಕಿ.ಮೀ. ಮೊದಲೇ, ಸಿಂಧೂ ನದಿಯ ದಂಡೆಯ ಕಾರೂನಲ್ಲಿ ಒಂದು ಬಂಕ್ ಇದೆ. ಎಣಿಸಿಕೊಂಡು ಬಂದವರು ಅಲ್ಲಿ ಮತ್ತೆ ಕಂಠಪೂರ್ತಿ ತುಂಬಿಸಿ, ಎಷ್ಟು ಲೀಟರ್ ಹಿಡಿಯಿತೆಂದು ಪಂಪಿನ ಅಂಕಿಯನ್ನು ಓದುತ್ತಾರೆ; ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸಿ ಚೀಟಿಯ ಮೇಲೆ ಬರೆದುಕೊಳ್ಳುತ್ತಾರೆ. ವಾಪಸು ಬರುವಾಗ ಬೇಕಾಗುತ್ತದೆ.