ಕೈಬುಗುರಿಯ ಬೆನ್ನು ಹತ್ತಿ

ನಾಗಸಂದ್ರದ ನಮ್ಮ ಮನೆಯ ಷೋಕೇಸಿನಲ್ಲಿ ಗಾಜಿನ ಲೋಟಗಳಿರಬೇಕಾದ ಕಡೆ ಬುಗುರಿಗಳಿವೆ. ಚಾಟಿ ಸುತ್ತಿ ಬೀಸಿ ಎಸೆದು ಎದುರಾಳಿಗೆ ಗುನ್ನ ಕೊಡುವ ಜಾತಿಯವಲ್ಲ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಚಿಟಿಕೆ ಹೊಡೆದಂತೆ ತಿರುವಿ ಬಿಡುವ ಪುಟಾಣಿಗಳು. ಚಿಕ್ಕಂದಿನಲ್ಲಿ ಇವನ್ನು ಕಾಸು ಕೊಟ್ಟು ಕೊಂಡವರುಂಟೆ? ನೀಲಗಿರಿ ತೋಪಿನಲ್ಲಿ ಆಯ್ದ ಕಾಯಿ ಒಂದು, ಹೂವರಸಿ ಕಾಯಿಗೆ ಕಡ್ಡಿ ಸಿಕ್ಕಿಸಿದರೆ ಇನ್ನೊಂದು. ಹೂವರಸಿಗೆ ಬುಗುರಿ ಮರ ಎಂಬ ಹೆಸರೇ ಇದೆಯಲ್ಲ.

ಮರೆತಿದ್ದ ಹುಚ್ಚನ್ನು ಕೆದಕಿದವರು ಪಕ್ಕದ ಪೀಣ್ಯದ ಶೆಡ್ಡೊಂದರಲ್ಲಿ ಲೇತ್ ಓಡಿಸುವ ಗೆಳೆಯರು. ಊಟದ ಬಿಡುವಿನಲ್ಲಿ ಹಿತ್ತಾಳೆಯ ತುಂಡನ್ನು ಲೇತಿಗೆ ಕಚ್ಚಿಸಿ ಟೂಲ್ ತಾಗಿಸಿದರು. ಬಂಗಾರದ ರವೆ ಸಿಡಿದಂತೆ ಪುಡಿ ಹಾರಿತು. ನಡು ತೆಳ್ಳಗಾಯಿತು, ಅಂಚು ದಪ್ಪವಾಗಿ ಉಳಿಯಿತು. ತುದಿಗೆ ಬೇರಿಂಗಿನ ಸಾಸಿವೆಯಷ್ಟು ಗುಂಡು ಕೂರಿಸಿ, "ತೂಕ ಅಂಚಲ್ಲಿರ್ಬೇಕು ಸಾರ್. ನಡುವೆ ಇಟ್ರೆ ಬೇಗ ಸುಸ್ತಾಗ್ಬಿಡುತ್ತೆ" ಎಂದರು. ಮನೆಯ ಕನ್ನಡಿಯ ಮೇಲೆ ಬಿಟ್ಟು ಗಡಿಯಾರ ನೋಡಿದೆ: 3 ನಿಮಿಷ 12 ಸೆಕೆಂಡ್! ಮೊದಲ ನಿಮಿಷವಂತೂ ತಿರುಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನಿಶ್ಚಲ. ಊದಿದಾಗಷ್ಟೇ ತಲೆ ಅಲ್ಲಾಡಿಸಿತು.

"ಮರದ್ದು ಬೇಕಂದ್ರೆ ಚನ್ನಪಟ್ಟಣಕ್ಕೇ ಹೋಗ್ಬಿಡಿ" ಎಂದಿದ್ದರು. ಶನಿವಾರ ಮೆಟ್ರೊ ಹತ್ತಿದೆ. 2015ರಿಂದ 2024ರವರೆಗೆ ಹಸಿರು ಮಾರ್ಗದ ಈ ತುದಿ ನಮ್ಮದೇ ನಿಲ್ದಾಣ. ಮಾದಾವರದವರೆಗೆ ಹಳಿ ಬೆಳೆದ ಮೇಲೆ ನಮಗೆ ಸೀಟು ಸಿಗುವ ಖಾತ್ರಿಯೂ ಹೋಯಿತು. ಮೆಜೆಸ್ಟಿಕ್‌ನಲ್ಲಿ ಇಳಿದು ಮೈಸೂರು ಕಡೆಯ ರೈಲು ಹಿಡಿದರೆ ಚನ್ನಪಟ್ಟಣ ಸುಮಾರು 60 ಕಿಲೋಮೀಟರ್.

ಅಲ್ಲಿಯೂ ಲೇತ್! ಆದರೆ ಕಚ್ಚಿಸಿದ್ದು ಬಿಳಿಚು ಆಲೆ ಮರದ ತುಂಡು. ಉಳಿ ತಾಗಿದಲ್ಲೆಲ್ಲ ಹಪ್ಪಳದಂಥ ತೆಳು ಸುರುಳಿ. ಆಮೇಲೆ ನಡೆದದ್ದನ್ನು ಬಾಯಿ ಬಿಟ್ಟುಕೊಂಡೇ ನೋಡಿದೆ. ಹಳದಿ ಅರಗಿನ ಕಡ್ಡಿಯನ್ನು ಗಿರ್ರನೆ ತಿರುಗುವ ಮರಕ್ಕೆ ಒತ್ತಿದರು. ಬೆಂಕಿಯಿಲ್ಲ, ಕುಂಚವಿಲ್ಲ, ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಮರವನ್ನು ಬಳಸಿಕೊಂಡಿತು. ಅದರ ಮೇಲೆ ಕೆಂಪು ಪಟ್ಟೆ. ಕೊನೆಗೆ ಒಣಗಿದ ಕೇದಗೆ ಎಲೆಯನ್ನು ಹಿಡಿದದ್ದೇ ತಡ, ಮಂಕಾಗಿದ್ದ ಮೈ ಎಣ್ಣೆ ಹಚ್ಚಿದಂತೆ ಹೊಳೆಯಿತು. ಕಿತ್ತು ಕೈಗಿಟ್ಟಾಗ ಬುಗುರಿ ಇನ್ನೂ ಬೆಚ್ಚಗಿತ್ತು.

"ಅಣ್ಣಾ, ಇದನ್ನ ಬಿಟ್ಟು ನೋಡಿ" ಎಂದು ಅಂಗಡಿಯ ಹೆಂಗಸು ಅಣಬೆಯಂಥದೊಂದನ್ನು ಮುಂದೆ ಸರಿಸಿದರು. ಗುಂಡು ತಳ, ಮೇಲೊಂದು ಗಿಡ್ಡ ಕಡ್ಡಿ. ತಿರುವಿ ಬಿಟ್ಟೆ. ನಾಲ್ಕು ಸುತ್ತು ನೆಟ್ಟಗಿದ್ದದ್ದು ಓಲಾಡಿತು, ವಾಲಿತು, ಕಡ್ಡಿ ಗಾಜಿಗೆ ತಾಗಿ ಟಿಕ್ ಎಂದಿತು. ಬಿತ್ತು ಅಂದುಕೊಂಡರೆ, ಕಡ್ಡಿಯ ಮೇಲೇ ತಲೆಕೆಳಗಾಗಿ ಎದ್ದು ನಿಂತು ತಿರುಗತೊಡಗಿತು! ಸ್ವೀಡನ್ನಿನ ಲುಂಡ್‌ನಲ್ಲಿ ಭೌತವಿಜ್ಞಾನ ಸಂಸ್ಥೆಯ ಉದ್ಘಾಟನೆಗೆ ಹೋಗಿದ್ದ ನೀಲ್ಸ್ ಬೋರ್ ಮತ್ತು ವುಲ್ಫ್‌ಗ್ಯಾಂಗ್ ಪೌಲಿ, ಇಬ್ಬರೂ ನೊಬೆಲ್ ಪಡೆದವರು, ಇಂಥದೇ ಬುಗುರಿಯ ಮುಂದೆ ಬಗ್ಗಿ ನಿಂತ ಫೋಟೊ ಇದೆ. ನೆಲದ ಘರ್ಷಣೆಯೇ ಅದನ್ನು ಎತ್ತಿ ನಿಲ್ಲಿಸುತ್ತದಂತೆ. ಉರುಳಿದರೂ ಮೇಲಿನಿಂದ ನೋಡುವವರಿಗೆ ಸುತ್ತುವ ದಿಕ್ಕು ಬದಲಾಗುವುದಿಲ್ಲ. ನಾನು ಹನ್ನೊಂದು ಸಲ ತಿರುಗಿಸಿದೆ. ಆಕೆ ನಗುತ್ತಾ ಕೂತಿದ್ದರು.

ಆಲೆ ಮರದ್ದು 40 ಸೆಕೆಂಡಿಗೇ ಮಲಗುತ್ತದೆ, ನಿಜ. ಹಿತ್ತಾಳೆಯ ಮುಂದೆ ಅದು ಯಾವ ಲೆಕ್ಕ? ಆದರೂ ನನ್ನ ಓಟು ಮರಕ್ಕೇ. ಗಿರ್ರನೆ ತಿರುಗುವಾಗಲೂ ಕದಲದೆ ನಿಂತಂತೆ ಕಾಣುವ ಆ ಕೆಂಪು ಪಟ್ಟೆ, ಆ ಹಳದಿ ಹಿತ್ತಾಳೆಯಲ್ಲಿ ಎಲ್ಲಿದೆ?

ನೀವು ಹೋದರೆ ಡಬ್ಬಿಯಲ್ಲಿ ಪ್ಯಾಕಾದದ್ದನ್ನು ಹಾಗೇ ತರಬೇಡಿ. ಗಾಜಿನ ಮೇಲೆ ಒಂದೊಂದನ್ನೂ ತಿರುಗಿಸಿ ಆರಿಸಿಕೊಳ್ಳಿ. ನನ್ನನ್ನಂತೂ ಯಾರೂ ಬೈಯಲಿಲ್ಲ.