ಗದ್ದೆ ಬಯಲಾದ ಮೇಲೆ

ಮಂಡ್ಯದ ಕಡೆಯ ನಮ್ಮೂರಿನಲ್ಲಿ ಭತ್ತದ ಕೊಯ್ಲು ಮುಗಿದು ಹುಲ್ಲು ಮೆದೆಗೆ ಏರಿತೆಂದರೆ ಅಜ್ಜಿ ರಾತ್ರಿಯೆಲ್ಲ ಅಟ್ಟದ ಕಡೆಗೇ ಕಿವಿಯಿಟ್ಟು ಮಲಗುತ್ತಿದ್ದಳು. ಮೇಲೆ ಸರಬರ ಸದ್ದಾದರೆ ನಾನು ಅವಳ ಕಂಬಳಿಯೊಳಗೆ ನುಸುಳುತ್ತಿದ್ದೆ. ‘ಗದ್ದೆ ಬಯಲಾಯ್ತಲ್ಲ ಮಗ, ಅವು ತಾನೆ ಎಲ್ಲಿಗೋದಾವು?’ ಅನ್ನುತ್ತಿದ್ದಳು.

ಆ ಮಾತಿನ ಅರ್ಥ ನನಗಾದದ್ದು ಮೈಸೂರಿನಲ್ಲಿ ಸ್ವಂತ ಮನೆ ಮಾಡಿ, ಮಾಗಿಯಲ್ಲಿ ನನ್ನದೇ ಅಟ್ಟದಿಂದ ಅದೇ ಸದ್ದು ಕೇಳಿದ ಮೇಲೆ. ಚಳಿಗೆ ಹೆದರಿ ಇಲಿ ಒಳಗೆ ಬರುತ್ತದೆ ಅಂದುಕೊಳ್ಳುತ್ತೇವೆ. ಹಿಮ ಬೀಳುವ ದೇಶಗಳಲ್ಲಿ ಅದು ನಿಜ. ನಮ್ಮ ಚಳಿ ಎಷ್ಟರ ಚಳಿ? ನಾಲ್ಕು ತಿಂಗಳು ತೆನೆಯ ನೆರಳಲ್ಲಿ ಹೊಟ್ಟೆ ತುಂಬಿಸಿಕೊಂಡಿದ್ದ ಪ್ರಾಣಿಗೆ ಒಂದು ವಾರದಲ್ಲಿ ನೆರಳೂ ಇಲ್ಲ, ತೆನೆಯೂ ಇಲ್ಲ. ಧಾನ್ಯ ಎಲ್ಲಿಗೆ ಹೋಯಿತೋ ಅದರ ಹಿಂದೆಯೇ ಅದೂ ಬರುತ್ತದೆ. ಚಿಕ್ಕಂದಿನಲ್ಲಿ ಗದ್ದೆಯ ಬದ ಅಗೆಯುವುದನ್ನು ನೋಡಿದ್ದೇನೆ. ಬಿಲದ ಕೊನೆಯ ಗೂಡಿನಲ್ಲಿ ಒಂದೇ ಅಳತೆಗೆ ಕತ್ತರಿಸಿದ ತೆನೆಗಳು ಒತ್ತೊತ್ತಾಗಿ ಜೋಡಿಸಿಟ್ಟಂತಿದ್ದವು. ಅಗೆದವರು ಅದನ್ನು ಮಡಿಲಿಗೆ ಸುರಿದುಕೊಂಡು ಮನೆಗೆ ಒಯ್ಯುತ್ತಿದ್ದರು. ಅಷ್ಟು ಜೋಪಾನದ ಸಂಸಾರವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಧಾನ್ಯವೇ ಕಾರಣ ಅಂದಮೇಲೆ ಕಾಪಾಡುವುದೂ ಧಾನ್ಯದಿಂದಲೇ ಶುರುವಾಗಬೇಕು. ನಮ್ಮವರು ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಗುಂಡಿಯಲ್ಲಿ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿಕಾಳು ಎಷ್ಟು ಸಣ್ಣದೆಂದರೆ ಹುಳುವಿಗೆ ಅದರೊಳಗೆ ಮನೆ ಮಾಡಲು ಜಾಗವೇ ಸಾಲದು; ಹಾಗಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅವರೆ, ತೊಗರಿಗೆ ಆ ಭಾಗ್ಯವಿಲ್ಲ, ಅವಕ್ಕೆ ಕೆಮ್ಮಣ್ಣು ಕಟ್ಟಬೇಕು. ಅಜ್ಜಿ ಕೆಮ್ಮಣ್ಣನ್ನು ನೀರಲ್ಲಿ ಕಲೆಸಿ, ಕಾಳಿಗೆ ಹಚ್ಚಿ, ಬಿಸಿಲಿಗೆ ಹರವಿ, ಒಣಗಿದ ಮೇಲೆ ಕೈಯಾಡಿಸುವಾಗ ಕಾಳುಗಳು ಸಣ್ಣ ಗೆಜ್ಜೆಯ ಹಾಗೆ ಸದ್ದು ಮಾಡುತ್ತಿದ್ದವು. ನನ್ನ ಅಡುಗೆಮನೆಯಲ್ಲಿ ಈಗ ಕೆಮ್ಮಣ್ಣಿನ ಬದಲು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಗಳಿವೆ. ಪ್ಲಾಸ್ಟಿಕ್ ಡಬ್ಬವನ್ನು ನಾನು ನಂಬುವುದಿಲ್ಲ. ಇಲಿಯ ಬಾಚಿಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದೆ, ಕಡಿಕಡಿದು ಸವೆಸದೆ ಅದಕ್ಕೆ ಗತಿಯಿಲ್ಲ.

ಇನ್ನು ದಾರಿ ಮುಚ್ಚುವ ಕೆಲಸ. ಚಿಟ್ಟಿಲಿಗೆ ಪೆನ್ಸಿಲ್ ತೂರುವಷ್ಟು ಸಂದು ಸಾಕು, ದೊಡ್ಡ ಇಲಿಗೆ ಹೆಬ್ಬೆರಳು ಹೋಗುವಷ್ಟು ತೂತು ಸಾಕು. ಕಾರ್ತಿಕ ಕಳೆದ ಮೇಲೆ ಒಂದು ಸಂಜೆ ಪೆನ್ಸಿಲ್ ಹಿಡಿದು ಮನೆಯನ್ನು ಒಳಗೂ ಹೊರಗೂ ಸುತ್ತುವುದನ್ನು ಈಗ ರೂಢಿ ಮಾಡಿಕೊಂಡಿದ್ದೇನೆ. ಕತ್ತಲಾದ ಮೇಲೆ ಒಳಗಿನ ದೀಪವೆಲ್ಲ ಆರಿಸಿ, ಹೊರಗಿನಿಂದ ಮಗಳಿಗೆ ಟಾರ್ಚ್ ಬಿಡಲು ಹೇಳುತ್ತೇನೆ. ಬಾಗಿಲ ಕೆಳಗೆ, ಗ್ಯಾಸ್ ಪೈಪಿನ ಸುತ್ತ, ಕಿಟಕಿಯ ಮೂಲೆಯಲ್ಲಿ ಬೆಳಕು ಸೂಜಿಯ ಹಾಗೆ ಇಣುಕುತ್ತದೆ. ಹೋದ ವರ್ಷ ಸಿಂಕಿನ ಪೈಪ್ ಗೋಡೆಗೆ ಸೇರುವಲ್ಲಿ ಒಂದು ಕಪ್ಪು ಗೆರೆ ಸಿಕ್ಕಿತು. ಕೈಯಲ್ಲಿ ಮುಟ್ಟಿದರೆ ಜಿಡ್ಡು. ಇಲಿ ನಡುಮನೆಯಲ್ಲಿ ಓಡುವುದಿಲ್ಲ, ಗೋಡೆಗುಂಟ ಮೀಸೆ ತಾಗಿಸಿಕೊಂಡು ದಿನವೂ ಅದೇ ದಾರಿಯಲ್ಲಿ ಹೋಗುತ್ತದೆ. ಮೈಯ ಎಣ್ಣೆ, ಕೊಳೆ ಸವರಿ ಸವರಿ ಗೋಡೆಗೆ ಅಂಥ ಗೆರೆ ಬೀಳುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಆ ತೂತಿಗೆ ಒತ್ತಿ ತುರುಕಿ ಮೇಲೆ ಸಿಮೆಂಟು ಬಳಿದೆ. ಬರೀ ಸಿಮೆಂಟು ಬಳಿದರೆ ಹಸಿಯಿರುವಾಗಲೇ ಕೆರೆದುಹಾಕುತ್ತದೆ. ನಾರು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಬಾಗಿಲ ಸಂದು ನೋಡುವಾಗೆಲ್ಲ ಹೊಸ್ತಿಲು ನೆನಪಾಗುತ್ತದೆ. ಊರಮನೆಯ ಹೊಸ್ತಿಲು ಗೇಣುದ್ದ ಎತ್ತರದ ಹಲಸಿನ ಮರದ್ದು. ಧನುರ್ಮಾಸದ ನಸುಕಿನಲ್ಲಿ ಅಮ್ಮ ಅದನ್ನು ತೊಳೆದು ಅರಿಶಿನ ಕುಂಕುಮ ಇಡುತ್ತಿದ್ದಳು. ದಿನವೂ ಬಗ್ಗಿ ತೊಳೆಯುವವಳ ಕಣ್ಣಿಗೆ ಸಣ್ಣ ಬಿರುಕೂ ತಪ್ಪುತ್ತಿರಲಿಲ್ಲ. ಬಾಗಿಲು ಬಂದು ಆ ಮರಕ್ಕೆ ಒರಗುತ್ತಿತ್ತು, ಕೆಳಗೆ ಗಾಳಿಗೂ ದಾರಿಯಿಲ್ಲ. ಈಗಿನ ಮನೆಗಳಲ್ಲಿ ಹೊಸ್ತಿಲೆಂದರೆ ನೆಲಕ್ಕೆ ಸಮನಾದ ಒಂದು ಕಲ್ಲಿನ ಪಟ್ಟಿ. ನನ್ನ ಹಿತ್ತಿಲ ಬಾಗಿಲ ಕೆಳಗೆ ಆಚಾರಿಯಿಂದ ತಗಡಿನ ಪಟ್ಟಿ ಹೊಡೆಸಿದ್ದೇನೆ. ನೋಡಲು ಚೆಂದವಿಲ್ಲ, ಆದರೆ ಆ ಕಡೆಯ ಓಡಾಟ ನಿಂತಿದೆ.

ಅಜ್ಜಿಯ ಎಚ್ಚರಕ್ಕೆ ಇನ್ನೊಂದು ಕಾರಣವಿತ್ತು. ಅವಳ ತಾಯಿಯ ಕಾಲದಲ್ಲಿ ‘ಇಲಿ ಬಿತ್ತು’ ಅನ್ನುವುದು ಊರು ಬಿಡುವ ಮಾತು. ಅಟ್ಟದಿಂದ ಸತ್ತ ಇಲಿ ಬಿದ್ದ ದಿನವೇ ಜನ ಮಕ್ಕಳು ಮರಿ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುತ್ತದೆಂದು ಪಾಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದೂ ಅದೇ ವರ್ಷ. ಚಿಗಟಕ್ಕೆ ತಂಪು ಹಿತ, ಬಿರುಬಿಸಿಲು ಆಗದು. ಅದಕ್ಕೇ ಬೇಸಿಗೆ ಏರಿದಂತೆ ಪ್ಲೇಗು ತಗ್ಗುತ್ತಿತ್ತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆಗಳೊಂದಿಗೆ ಬೆಳೆದವು. ಮಲ್ಲೇಶ್ವರದ ಮರಗಳ ಕೆಳಗೆ ನಡೆಯುವಾಗ ನನಗೆ ಈಗಲೂ ಆ ಗುಡಿಸಲುಗಳು ನೆನಪಾಗುತ್ತವೆ.

ವಿಷದ ವಿಚಾರಕ್ಕೆ ಬಂದರೆ ನನ್ನ ಮನಸ್ಸು ಗಟ್ಟಿ. ಒಂದು ಚಳಿಗಾಲ ನಾನೂ ಅಂಗಡಿಯಿಂದ ಪೇಸ್ಟ್ ತಂದು ಟೊಮೆಟೊ ಹೋಳಿಗೆ ಸವರಿ ಒಲೆಕಟ್ಟೆಯ ಕೆಳಗೆ ಇಟ್ಟಿದ್ದೆ. ಬೆಳಿಗ್ಗೆ ಎದ್ದು ಬಂದರೆ ತಂಗಿಯ ಎರಡು ವರ್ಷದ ಮಗು ಆ ಹೋಳನ್ನು ಕೈಯಲ್ಲಿ ಹಿಡಿದು ಕೂತಿದೆ. ಬಾಯಿಗೆ ಹೋಗಿರಲಿಲ್ಲ. ಕೈಯನ್ನು ಎಷ್ಟು ಸಲ ತೊಳೆದೆನೋ. ಅದರಲ್ಲಿದ್ದದ್ದು ಹಳದಿ ರಂಜಕ. ಅದು ಯಕೃತ್ತನ್ನೇ ಸುಡುತ್ತದೆ, ಅದಕ್ಕೆಂದೇ ಮದ್ದಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಿಲ್ಲೆಗಳೂ ಬಂದಿವೆ. ಅದನ್ನು ತಿಂದು ತೂರಾಡುವ ಇಲಿ ಗೂಬೆಗೆ ಸುಲಭವಾಗಿ ಸಿಗುತ್ತದೆ, ವಿಷ ಗೂಬೆಯ ಹೊಟ್ಟೆಗೂ ಇಳಿಯುತ್ತದೆ. ಒಂದು ವರ್ಷಕ್ಕೆ ಒಂದು ಗೂಬೆ ಹಿಡಿಯುವಷ್ಟು ಇಲಿಗಳನ್ನು ನಾನು ಜನ್ಮದಲ್ಲಿ ಹಿಡಿಯಲಾರೆ. ಅಂಟಿನ ಹಲಗೆಯಂತೂ ಬೇಡವೇ ಬೇಡ, ರಾತ್ರಿಯೆಲ್ಲ ಆ ಕೂಗು ಕೇಳುವುದು ಯಾರಿಂದಲೂ ಆಗಬಾರದು.

ಬೋನು ಒಳ್ಳೆಯದು, ತಾಳ್ಮೆಯಿದ್ದರೆ. ಇಲಿಗೆ ಹೊಸ ವಸ್ತುವೆಂದರೆ ಅನುಮಾನ. ಮೂರು ರಾತ್ರಿ ಬೋನಿನ ಬಾಗಿಲು ತೆರೆದೇ ಇರಿಸಿ, ಕೆಂಡದಲ್ಲಿ ಸುಟ್ಟ ಕೊಬ್ಬರಿ ಚೂರನ್ನು ಸುಮ್ಮನೆ ತಿನ್ನಲು ಬಿಡಬೇಕು. ನಾಲ್ಕನೆಯ ರಾತ್ರಿ ಕೊಕ್ಕೆ ಹಾಕಬೇಕು. ಅದೂ ಗೋಡೆಗೆ ಒತ್ತಿಯೇ ಇಡಬೇಕು.

ಈ ಸಲ ಉಳಿದಿರುವುದು ಬಚ್ಚಲಿನ ಮೋರಿ ಒಂದೇ. ಅದಕ್ಕೆ ಹಾಕಲು ಜಾಲರಿ ತಂದು ಹದಿನೈದು ದಿನವಾಯಿತು. ಹಾಕಲು ಹೋದ ರಾತ್ರಿ ದೀಪ ಹಚ್ಚಿದರೆ ಗೋಡೆಯ ಬುಡದಲ್ಲಿ ಒಂದು ಸುಂಡಿಲಿ. ಅದು ಹೆಸರಿಗಷ್ಟೇ ಇಲಿ. ಕಾಳು ಮುಟ್ಟುವುದಕ್ಕಿಂತ ಜಿರಲೆ, ಹುಳುಹುಪ್ಪಟೆ ತಿಂದು ಬದುಕುವುದೇ ಹೆಚ್ಚು. ಹಿಂದೆ ನಾಲ್ಕು ಮರಿಗಳಿದ್ದವು. ಮೊದಲನೆಯದು ತಾಯಿಯ ಬಾಲದ ಬುಡವನ್ನು ಬಾಯಲ್ಲಿ ಕಚ್ಚಿತ್ತು, ಎರಡನೆಯದು ಮೊದಲನೆಯದರದ್ದನ್ನು, ಹಾಗೇ ಕೊನೆಯ ತನಕ. ಐದೂ ಸೇರಿ ಒಂದೇ ಬೂದುಬಣ್ಣದ ಹಗ್ಗದ ಹಾಗೆ ಗೋಡೆಗುಂಟ ಹರಿದು ಮೋರಿಯೊಳಗೆ ಇಳಿದವು. ಕಡೆಯ ಮರಿಯ ಹಿಡಿತ ಒಮ್ಮೆ ತಪ್ಪಿತು. ಇಡೀ ಸಾಲು ನಿಂತಿತು. ಅದು ಮತ್ತೆ ಕಚ್ಚಿಕೊಂಡ ಮೇಲೆಯೇ ತಾಯಿ ಹೊರಟಿತು.

ಅಡುಗೆಮನೆಯಿಂದ ಬಚ್ಚಲಿಗೆ ಹೋಗುವ ಬಾಗಿಲನ್ನು ರಾತ್ರಿ ಭದ್ರವಾಗಿ ಹಾಕುತ್ತಿದ್ದೇನೆ. ಜಾಲರಿ ಹಂಡೆಯ ಪಕ್ಕ ಗೋಡೆಗೆ ಒರಗಿ ನಿಂತಿದೆ. ನಿನ್ನೆ ರಾತ್ರಿ ನೋಡಿದಾಗಲೂ ಮರಿಗಳು ಸಾಲಿನಲ್ಲೇ ಇದ್ದವು.