ಒಕ್ಕಲಿಲ್ಲದ ಪೂಜೆ

ಶಂಕರಘಟ್ಟದ ನಮ್ಮ ಮನೆಯಲ್ಲಿ ದಿನಾ ಎರಡು ಪೂಜೆ ನಡೆಯುತ್ತದೆ, ಎರಡನ್ನೂ ಮಾಡುವವಳು ನಾನೇ. ಮೊದಲು ಅಂಗೈಯಲ್ಲಿ ಇಷ್ಟಲಿಂಗ. ಆಮೇಲೆ ಪೂರ್ವಕ್ಕೆ ಮುಖ ಮಾಡಿದ ಮರದ ಹಲಗೆಯ ಮೇಲೆ ಅಕ್ಕಿ, ಉಪ್ಪು, ನೀರು ಇಟ್ಟು ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತೇನೆ. ಜಪಾನಿನ ಶಿಂತೋ ಧರ್ಮ ಪಾಲಿಸುವ ಮನೆಗಳ ಈ ದೇವರ ಹಲಗೆಗೆ ಕಾಮಿದಾನ ಎಂದು ಹೆಸರು. ಗಂಡನ ಕೆಲಸಕ್ಕಾಗಿ ನಾಗೋಯಾದಲ್ಲಿದ್ದಾಗ ಮನೆಯೊಡತಿಯಿಂದ ಕಲಿತದ್ದು. ಅಲ್ಲಿ ಇಡುವ ಸಕಾಕಿ ಸೊಪ್ಪು ಇಲ್ಲಿ ಸಿಗದು. ನೇರಳೆ ಚಿಗುರು ಇಡುತ್ತೇನೆ.

ಎರಡು ದಾರಿ ಜೊತೆಗೆ ಹಿಡಿಯಬಹುದೇ ಎಂದು ಕೇಳುವವರಿದ್ದಾರೆ. ಜಪಾನಿನಲ್ಲೇ ಸಾವಿರ ವರ್ಷ ಕಾಮಿಗಳೆಂಬ ಶಿಂತೋ ದೇವತೆಗಳೂ ಬುದ್ಧನೂ ಒಂದೇ ಆವರಣದಲ್ಲಿದ್ದರು. ಸರಸ್ವತಿ ಚೀನಾದ ಹಾದಿಯಲ್ಲಿ ಅಲ್ಲಿಗೆ ಹೋಗಿ ಬೆಂಜೈತೆನ್ ಆದಳು. ಕಾಮಿಗಳನ್ನೂ ಬುದ್ಧನನ್ನೂ ಬೇರೆ ಮಾಡಿದ್ದು 1868ರ ಮೇಜಿ ಸರ್ಕಾರದ ಆಜ್ಞೆ. ನಮ್ಮ ಜಿಲ್ಲೆಯ ಹಣಗೆರೆಕಟ್ಟೆಯಲ್ಲಿ ಭೂತರಾಯ ಚೌಡೇಶ್ವರಿಯೂ ದರ್ಗಾವೂ ಒಂದೇ ಸೂರಿನಡಿ ಇವೆ. ಹಾಗಾಗಿ ಆ ಪ್ರಶ್ನೆ ನನ್ನನ್ನು ಅಷ್ಟಾಗಿ ಕಾಡಿದ್ದಿಲ್ಲ.

ಕಾಡಿದ್ದು ಅವ್ವ ತೀರಿಕೊಂಡ ದಿನ. ಮನೆಯಲ್ಲಿ ಸಾವಾದರೆ ಕಾಮಿದಾನಕ್ಕೆ ಬಿಳಿ ಕಾಗದ ಅಂಟಿಸಿ ಸುಮಾರು ಐವತ್ತು ದಿನ ಮುಚ್ಚಿಡಬೇಕು. ಸಾವಿನ ಮೈಲಿಗೆ ದೇವರಿಗೆ ತಾಗಬಾರದು. ನಮ್ಮಲ್ಲಿ ಲಿಂಗ ಕಟ್ಟಿದವರಿಗೆ ಸೂತಕವೇ ಇಲ್ಲ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ತಳ್ಳಿಹಾಕಿದರು. ಅವ್ವನ ದೇಹ ಪಡಸಾಲೆಯಲ್ಲಿದ್ದಾಗಲೇ ಲಿಂಗಪೂಜೆ ಮಾಡಿದೆ. ಹಲಗೆಯನ್ನು ಮುಚ್ಚಲಿಲ್ಲ. ಮುಚ್ಚಿದ್ದರೆ ನನ್ನ ಹೆತ್ತವಳನ್ನು ಮೈಲಿಗೆ ಎಂದಂತಾಗುತ್ತಿತ್ತು. ಎಷ್ಟೋ ದಿನ ಅದರ ಮುಂದೆ ನಿಲ್ಲಲೂ ಇಲ್ಲ. ಯಾವುದು ನನ್ನದು, ಯಾವುದು ನಾನು ಇಷ್ಟಪಟ್ಟು ತಂದದ್ದು ಎಂದು ಅಂದೇ ತಿಳಿಯಿತು.

ಹಾಗಾದರೆ ಆ ಹಲಗೆಯನ್ನು ನಾನು ಏಕೆ ತಂದೆ? ಮರಕ್ಕೂ ಕಲ್ಲಿಗೂ ಕೈಮುಗಿಯುವುದನ್ನು ಶರಣರು ಒಪ್ಪಲಿಲ್ಲ. ನನಗೋ ಲಕ್ಕವಳ್ಳಿ ಕಡೆಯ ಭದ್ರಾ ಕಾಡಿನ ಹೆಮ್ಮರದ ಕೆಳಗೆ ನಿಂತರೆ ತಲೆ ತಾನಾಗಿ ಬಾಗುತ್ತದೆ. ಆ ಬಾಗುವಿಕೆಗೆ ಒಂದು ಜಾಗ ಬೇಕಿತ್ತು. ಊರಾಚೆ ಚೌಡಮ್ಮನ ಬನವಿದೆ. ಅಲ್ಲಿ ಕೋಳಿ ಕೊಯ್ಯುತ್ತಾರೆ, ನಮ್ಮ ಮನೆಯವರು ಹೋಗುವುದಿಲ್ಲ. ಹೋಗುವವರು ಯಾರು, ಯಾವ ಜಾತಿಯವರು ಎಂಬುದು ಆ ‘ಹೋಗುವುದಿಲ್ಲ’ದ ಒಳಗಿದೆ. ಜಪಾನಿನ ಹಲಗೆಗೆ ನೆತ್ತರಿಲ್ಲ, ನೆರೆಹೊರೆಯಿಲ್ಲ, ವಂತಿಗೆಯಿಲ್ಲ. ಜಾತಿ ಸೂತಕವಿಲ್ಲ ಎಂದವರ ಮಗಳು ಕಾಡಿನ ದೇವರನ್ನು ಕಡಲಾಚೆಯಿಂದ ತಂದಳು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯಲೇಬೇಕು.

ಶಿಂತೋ ಅಂಥ ಒಂಟಿ ಧರ್ಮವೂ ಅಲ್ಲ. ಊರಿನ ಗುಡಿಗಳಿಗೆ ಸಾಮಾನ್ಯವಾಗಿ ಉಜಿಕೋ ಎಂಬ ಒಕ್ಕಲುಗಳಿರುತ್ತಾರೆ. ಹಬ್ಬದಲ್ಲಿ ಬೀದಿಯವರೆಲ್ಲ ಹೆಗಲು ಕೊಟ್ಟರೇ ಪಲ್ಲಕ್ಕಿ ಏಳುವುದು. ಕಬ್ಬಿನ ಗದ್ದೆಯ ಕೂಲಿಗೆ ಹವಾಯಿಗೆ ಹೋದ ಜಪಾನಿಯರ ನಡುವೆ 1898ರಲ್ಲಿ ಹಿಲೋದಲ್ಲಿ ಎದ್ದ ಗುಡಿ ಇಂದಿಗೂ ಇದೆ. ಆದರೆ 1942ರಲ್ಲಿ ಸಿಂಗಾಪುರದ ಮ್ಯಾಕ್‌ರಿಚಿ ಜಲಾಶಯದ ಕಾಡಿನಲ್ಲಿ ಯುದ್ಧಕೈದಿಗಳ ಕೈಯಲ್ಲಿ ಕಟ್ಟಿಸಿದ ಶೋನಾನ್ ಗುಡಿಯನ್ನು 1945ರಲ್ಲಿ ಜಪಾನಿಯರೇ ನಾಶ ಮಾಡಿದರು. ಆ ಮಣ್ಣಿನ ಒಕ್ಕಲು ಅದಕ್ಕೆ ಇರಲಿಲ್ಲ.

ನಾನು ಹೆಚ್ಚು ಗೌರವಿಸುವ ಜಪಾನಿ ಮಿನಕತಾ ಕುಮಗುಸು. 1906ರಲ್ಲಿ ಸರ್ಕಾರ ಸಣ್ಣ ಗುಡಿಗಳನ್ನು ದೊಡ್ಡವುಗಳಲ್ಲಿ ವಿಲೀನಗೊಳಿಸಲು ಹೊರಟಾಗ ಅವುಗಳ ಬನಗಳು ಕೊಡಲಿಗೆ ಬಿದ್ದವು. ವಕಯಾಮಾದ ಈ ಸಸ್ಯವಿಜ್ಞಾನಿ ಅದನ್ನು ಎದುರಿಸಿ 1910ರಲ್ಲಿ ಜೈಲಿಗೂ ಹೋದ. ಬನ ಹೋದರೆ ಊರಿನವರ ನಡುವಿನ ನಂಟೂ ಹೋಗುತ್ತದೆ ಎಂಬುದು ಅವನ ವಾದ. ಅವನು ಕಾಪಾಡಲು ಹೊರಟದ್ದು ಚೌಡಮ್ಮನಂಥವರ ಬನಗಳನ್ನೇ.

ಹಲಗೆಯನ್ನು ತೆಗೆದಿಲ್ಲ, ತೆಗೆಯುವುದೂ ಇಲ್ಲ. ಅದರ ಮುಂದೆ ಈಗ ನೆಂಟಳಂತೆ ನಿಲ್ಲುತ್ತೇನೆ. ಈ ವರ್ಷ ಚೌಡಮ್ಮನ ಹಬ್ಬಕ್ಕೆ ನಾನೇ ಹೋಗಿ ವಂತಿಗೆ ಕೊಟ್ಟೆ. ಪಟ್ಟಿಯಲ್ಲಿ ಯಾರ ಹೆಸರು ಬರೆಯಲಿ ಎಂದರು, ನನ್ನದೇ ಬರೆಸಿದೆ. ಕೋಳಿ ಕೊಯ್ಯುವ ಹೊತ್ತಿಗೆ ಅಲ್ಲಿ ನಿಲ್ಲುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.